ಹನ್ನೊಂದನೇ ಹೆಸರು

ದುಬೈಯ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ವಿಭಾಗದಲ್ಲಿ ಹರಿಣಾಕ್ಷಿ ಹದಿನಾಲ್ಕು ವರ್ಷಗಳಿಂದ ಗುಮಾಸ್ತೆ. ಊರು ಕಾಪು, ಮನೆ ಅಲ್ ನಹ್ದಾದಲ್ಲಿ. ಹೊಸದಾಗಿ ಸೇರಿದ ಮಕ್ಕಳ ಹೆಸರು ಒಂದು ವಾರದೊಳಗೆ ಅವಳ ಬಾಯಲ್ಲಿರುತ್ತಿತ್ತು.

ಮಾರ್ಚಿನಲ್ಲಿ ಹನ್ನೊಂದು ಮಕ್ಕಳು ಲೈಬ್ರರಿ ಮೆಟ್ಟಿಲ ಮೇಲೆ ಕೂತರು. ಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ಹೆಸರು ಬರೆದ ಹಾಳೆ ಹಿಡಿದಿದ್ದರು. ಕೂಗಲಿಲ್ಲ, ಆದರೆ ಅನುಮತಿ ಇಲ್ಲದೆ ಹಾಗೆ ಕೂರುವುದೇ ಅಲ್ಲಿ ತಪ್ಪು. ಇಪ್ಪತ್ತು ನಿಮಿಷಕ್ಕೆ ಸೆಕ್ಯುರಿಟಿಯವರು ಬಂದು ಎಬ್ಬಿಸಿದರು.

ಮರುದಿನ ಮ್ಯಾನೇಜರ್ ಜಮೀಲ ಅವಳ ಮುಂದೆ ಆ ಮಕ್ಕಳ ಫೋಟೋ ಇಟ್ಟರು. "ನಿಮಗೆ ಎಲ್ಲರೂ ಗೊತ್ತಲ್ಲ ಹರಿಣಾಕ್ಷಿ. ಹೆಸರು ಬರೆದುಕೊಡಿ, ಖಲಾಸ್."

ಹತ್ತು ಹೆಸರು ಬರೆದಳು. ಹನ್ನೊಂದನೆಯವಳು ಮಾಸ್ಕ್ ಹಾಕಿ ತಲೆ ತಗ್ಗಿಸಿದ್ದಳು. ಆದರೆ ಆ ಹಸಿರು ಕುರ್ತಾ ಹರಿಣಾಕ್ಷಿಗೆ ಗೊತ್ತು. ಸತ್ವಾ ಪೇಟೆಯ ದರ್ಜಿಯ ಹತ್ತಿರ ಜೊತೆಗೆ ಹೋಗಿ ಹೊಲಿಸಿಕೊಟ್ಟವಳೇ ಇವಳು. ಅದು ಹಿತಾ, ಮೇಲಿನ ಮಹಡಿಯ ಮೈಸೂರಿನ ನಂದನ್ ಅವರ ಮಗಳು.

ಪೆನ್ನು ನಿಲ್ಲಲಿಲ್ಲ. ಹಿತಾ ನಂದನ್, ಕೊನೆಯ ವರ್ಷ, ಅಂತ ಬರೆದಳು.

ಹತ್ತು ದಿನಕ್ಕೆ ಹನ್ನೊಂದು ಮಂದಿಯನ್ನೂ ತೆಗೆದುಹಾಕಿದರು. ಬೇರೆ ಕಾಲೇಜುಗಳು ಹಿತಾಳನ್ನು ಸೇರಿಸಿಕೊಳ್ಳಲಿಲ್ಲ. ಊರಿಗೆ ಕಳಿಸುವುದೇ ಒಳ್ಳೆಯದೆಂದು ನಂದನ್‌ಗೆ ಯಾರೋ ಫೋನ್ ಮಾಡಿ ಹೇಳಿದರಂತೆ.

ಲಿಫ್ಟಿನಲ್ಲಿ ನಂದನ್ ಸಿಕ್ಕಿದರು. "ಮುಖ ಪೂರ್ತಿ ಮುಚ್ಚಿಕೊಂಡಿದ್ದಳಂತೆ ಹರಿಣಾಕ್ಷಿಯವರೇ. ಹೇಗೆ ಗುರುತು ಹಿಡಿದ್ರೋ."

ಅವಳು ತನ್ನ ಮಹಡಿ ಬಂದಾಗ ಇಳಿದಳು.

ಊರಿಗೆ ಹೊರಡುವ ಹಿಂದಿನ ಸಂಜೆ ಹಿತಾ ತಾನೇ ಕೆಳಗೆ ಬಂದಳು. "ಆಂಟಿ, ಲಿಸ್ಟ್ ನಿಮ್ಮ ಆಫೀಸಿಂದಲೇ ಹೋಯ್ತಲ್ವಾ? ಯಾರು ಬರೆದದ್ದು?"

"ನಾನು."

ಹಿತಾ "ಓಕೆ ಆಂಟಿ," ಅಂದು ಮೆಟ್ಟಿಲು ಹತ್ತಿ ಹೋದಳು.

ಒಳಗಿದ್ದ ಗಂಡ ಪೂವಪ್ಪನಿಗೆ ಎಲ್ಲ ಕೇಳಿಸಿತ್ತು. "ಆಫೀಸಲ್ಲಿ ಗೊತ್ತಿಲ್ಲ ಅಂತ ಹೇಳ್ಬಹುದಿತ್ತಲ್ಲ ಮಾರಾಯ್ತಿ?"

"ಹೇಳ್ಬಹುದಿತ್ತು."

"ಮತ್ತೆಂತ ಆಯ್ತು?"

ಎಂತ ಆಯಿತೆಂದು ಅವಳಿಗೂ ತಿಳಿಯಲಿಲ್ಲ. ಹೆದರಿಕೆಯೂ ಆಗಿರಲಿಲ್ಲ. ಕೇಳಿದರು, ಬರೆದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕೂತಳು. ಬರಲಿಲ್ಲ. ಎದ್ದು ಅನ್ನಕ್ಕೆ ಇಟ್ಟಳು.

ಹಿತಾ ಮೈಸೂರಿನಲ್ಲಿ ಮತ್ತೆ ಎರಡನೇ ವರ್ಷಕ್ಕೆ ಸೇರಿದಳೆಂದು ಆಮೇಲೆ ಗೊತ್ತಾಯಿತು. ನಂದನ್ ಶಾರ್ಜಾಕ್ಕೆ ಮನೆ ಬದಲಿಸಿದರು, ಹೇಳಿ ಹೋಗಲಿಲ್ಲ. ಹರಿಣಾಕ್ಷಿ ಅದೇ ಕುರ್ಚಿಯಲ್ಲಿದ್ದಾಳೆ. ಸೆಪ್ಟೆಂಬರಿನಲ್ಲಿ ಬಂದ ಹೊಸ ಮಕ್ಕಳ ಹೆಸರು ಅವಳು ಕಲಿಯಲಿಲ್ಲ. ಕೌಂಟರಿಗೆ ಯಾರು ಬಂದರೂ "ನಂಬರ್ ಹೇಳಿ" ಅನ್ನುತ್ತಾಳೆ, ತಲೆ ಎತ್ತುವುದಿಲ್ಲ.