ಎಂಟು ಬೆರಳಿನವನ ಹೊಸ ಯಂತ್ರ

ಹಿಲ್ಯಾ ಕೆರಾನೆನ್ ಯಾರನ್ನೂ ನಂಬುವ ಹೆಂಗಸಲ್ಲ. ಸುಪೀರಿಯರ್ ಸರೋವರದ ದಂಡೆಯ ಹಳೆಯ ಗಣಿಯೂರಿನಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮೆಕ್ಯಾನಿಕ್ ಬ್ರೇಕ್ ನೋಡಿದ ಮೇಲೂ ತಾನೊಮ್ಮೆ ಬಸ್ಸಿನಡಿ ತೂರಿ ನೋಡದೆ ಗಾಡಿ ಹೊರಡಿಸುತ್ತಿರಲಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೆ ಆ ತಪಾಸಣೆಯೆಲ್ಲ ಗಂಡ ಉರ್ಹೊನ ತಲೆಗೆ ಬಂತು.

ಉರ್ಹೊನ ಬಲಗೈಯಲ್ಲಿ ಮೂರೇ ಬೆರಳು. ಹನ್ನೊಂದು ವರ್ಷದ ಹಿಂದೆ, ಹಿಮ ಎಸೆಯುವ ಹಳೆಯ ಯಂತ್ರದ ಬಾಯಿಗೆ ಹಸಿ ಹಿಮ ಕಟ್ಟಿಕೊಂಡಿತ್ತು. ಇಂಜಿನ್ ನಿಲ್ಲಿಸಿಯೇ ಕೈ ಹಾಕಿದ್ದ. ಆದರೆ ಸಿಕ್ಕಿಬಿದ್ದ ಅಲಗಿನಲ್ಲಿ ಬೆಲ್ಟಿನ ಬಿಗಿ ಉಳಿದಿತ್ತು. ಹಿಮ ಸಡಿಲವಾದದ್ದೇ ಅರ್ಧ ಸುತ್ತು ತಿರುಗಿತು. ಅಷ್ಟೇ ಸಾಕಾಯಿತು. "ಕಾಫಿ ಆರ್ತಿದೆ, ಬೇಗ ಮುಗ್ಸು" ಎಂದು ಆಗ ಅಡುಗೆಮನೆಯಿಂದ ಕೂಗಿದವಳು ಹಿಲ್ಯಾ. ಆ ವಿಷಯವನ್ನು ಇಬ್ಬರೂ ಎಂದೂ ಎತ್ತಿಲ್ಲ. ಅಂದಿನಿಂದ ಅಂಗಳದ ಹಿಮ ತೆಗೆಯಲು ಹೊರಗಿನವನೊಬ್ಬ ಬರುತ್ತಿದ್ದ. ಈ ವರ್ಷ ಅವನು ಊರು ಬಿಟ್ಟ. ಮನೆಗೆ ಹೊಸ ಯಂತ್ರ ಬಂತು.

ಅಕ್ಟೋಬರಿನ ಒಂದು ಬೆಳಿಗ್ಗೆ ಗ್ಯಾರೇಜಿನಲ್ಲಿ ಪೆಟ್ಟಿಗೆ ಬಿಚ್ಚಿದರು. ಉರ್ಹೊ ಹಿಡಿಕೆ ಎತ್ತಿ ನಿಲ್ಲಿಸಿ ಬೋಲ್ಟ್ ಬಿಗಿದ, ಹಿಮ ಚಿಮ್ಮುವ ಸೊಂಡಿಲು ಕೂರಿಸಿದ. ಹಿಲ್ಯಾ ಕೈಪಿಡಿ ಹಿಡಿದುಕೊಂಡು ಅದೇ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿದಳು.

"ಆಯಿಲ್ ಹಾಕಿದ್ಯಾ?"

"ಹಾಕ್ದೆ. ನಂಬಿಕೆ ಇಲ್ದಿದ್ರೆ ನೆಕ್ಕಿ ನೋಡು, ಡ್ರೈವರಮ್ಮ."

ಅವಳು ಅಳತೆಯ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿದಳು. "ಅಂಗಳ ಜಲ್ಲೀದು. ಕಲ್ಲು ಕಚ್ಚಿ ಕಿಟಕಿಗೆ ಎಸೆಯುತ್ತೆ. ಬಾಯಿ ಅಡೀಲಿ ನೆಲಕ್ಕೆ ಜಾರೋ ಪಾದ ಇದ್ಯಲ್ಲ, ಅದನ್ನ ಒಂದ್ ಬೆರಳು ಇಳ್ಸಿ ಬಿಗಿ, ಬಾಯಿ ಮೇಲೇಳ್ಲಿ."

"ನಿನ್ ಬೆರಳೇ ಇಟ್ಟು ಅಳೆ. ನನ್ನತ್ರ ಇರೋದೇ ಎಂಟು."

ಹಿಲ್ಯಾ ನಗಲಿಲ್ಲ. ಯಂತ್ರವನ್ನು ಬಯಲಿಗೆ ತಳ್ಳಿಸಿ ಚಾಲೂ ಮಾಡಿಸಿದಳು. ಹಿಡಿಕೆಗೆ ಒತ್ತಿ ಹಿಡಿದ ಲಿವರ್ ಬಿಟ್ಟೊಡನೆ ಅಲಗು ನಿಲ್ಲಬೇಕು. ನಿಂತಿತು. ಆರು ಸಲ ಬಿಡಿಸಿ ನೋಡಿದಳು.

"ಲಿವರ್ ಒತ್ತಿ ಹಿಡಿಯೋ ಕಷ್ಟ ಬೇಡಾಂತ ಹಳೇದಕ್ಕೆ ಬಿಗಿದಿದ್ಯಲ್ಲ ತಂತಿ, ಇದಕ್ಕೂ ಬಿಗಿದ್ರೆ ನಾನೇ ಇದನ್ನ ಸರೋವರಕ್ಕೆ ತಳ್ತೀನಿ. ಹೇಳು, ಬಾಯಿ ಕಟ್ಕೊಂಡ್ರೆ ಏನ್ ಮಾಡ್ತೀಯ?"

"ಆಫ್ ಮಾಡ್ತೀನಿ. ಕೀ ತೆಗೀತೀನಿ. ಎಲ್ಲ ನಿಲ್ಲೋವರ್ಗೂ ಕಾಯ್ತೀನಿ. ಕೋಲಲ್ಲಿ ಬಿಡಿಸ್ತೀನಿ."

"ಕೈ?"

"ಕೋಲ್ ಹಿಡಿಯೋದು ಮತ್ತೆ ಯಾವುದ್ರಲ್ಲಿ, ಮಾರಾಯ್ತಿ?"

ನವೆಂಬರಿನ ಮೊದಲ ವಾರವೇ ಮೊಣಕಾಲುದ್ದ ಹಸಿ ಹಿಮ ಬಿತ್ತು. ಉರ್ಹೊ ಹೊರಗೆ ಹೋದ. ಹಿಲ್ಯಾ ಏಲಕ್ಕಿ ಬ್ರೆಡ್ಡು ಕೊಯ್ಯಲು ಕೂತವಳು ಎರಡು ಹೋಳಿಗೊಮ್ಮೆ ಎದ್ದು ಕಿಟಕಿಗೆ ಹೋದಳು. ಕಾಫಿ ಬಗ್ಗಿಸಿಟ್ಟಳು, ಲೋಟದ ಜಾಗ ಬದಲಿಸಿದಳು, ಮತ್ತೆ ಎದ್ದಳು.

ಯಂತ್ರದ ಸದ್ದು ನಿಂತಿತು.

ಪರದೆ ಸರಿಸಿದಳು. ಉರ್ಹೊ ಯಂತ್ರದ ಬಾಯಿಯ ಮುಂದೆ ಬಗ್ಗಿದ್ದ. ಬೆನ್ನಷ್ಟೇ ಕಂಡಿತು, ಕೈ ಕಾಣಲಿಲ್ಲ, ಕೋಲೂ ಕಾಣಲಿಲ್ಲ. ಕೂಗಬೇಕೆಂದು ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು. ಮೇಜಿನ ಮೇಲೆ ಅವನ ಕಾಫಿ ಆರುತ್ತಿತ್ತು.

ಚಿಲಕ ಬಿಟ್ಟಳು. ಪರದೆ ಎಳೆದಳು. ಅವನ ಲೋಟದ ಕಾಫಿಯನ್ನು ಮತ್ತೆ ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿಟ್ಟು, ಕಿಟಕಿಗೆ ಬೆನ್ನು ಹಾಕಿ ಕೂತಳು. ಬಹಳ ಹೊತ್ತಿನ ಮೇಲೆ ಯಂತ್ರ ಮತ್ತೆ ಸದ್ದು ಮಾಡಿದಾಗಲೂ ತಿರುಗಿ ನೋಡಲಿಲ್ಲ.