ಬನ್ನಿಯೆಂದು ಮುಟ್ಟಿಸಿದ ಜಾಲಿ

ನಂಬಬೇಡಿ, ನೋಡೋಣ. ಕಿತ್ತೂರಿನಿಂದ ಬೈಲಹೊಂಗಲದವರೆಗೆ ಹುಡುಕಿದರೂ ನನ್ನ ಹಾಗೆ ಕೆಂಬೂತದ ಕೂಗು ಕೂಗುವವನು ಇನ್ನೊಬ್ಬ ಸಿಗುವುದಿಲ್ಲ. ಹಕ್ಕಿಗಳೇ ಮೋಸ ಹೋಗಿವೆ. ನೀವು ಯಾವ ಲೆಕ್ಕ? ಮೋಸ ಹೋಗದವನು ಒಬ್ಬನೇ, ನಮ್ಮಪ್ಪ.

ಒಮ್ಮೆ ಹೆಂಡತಿಯ ಸೀರೆಯಿಂದ ದಾರ ಎಳೆದು, ನಮ್ಮ ಹೊಲದ ಬದುವಿನ ಬನ್ನಿ ಗಿಡಕ್ಕೆ ಹುಣಸೆಕಾಯಿ ಕಟ್ಟಿ, ಪವಾಡ ಆಗಿದೆ ಎಂದು ಓಡಿಬಂದೆ. ಮದುವೆಯಾಗಿತ್ತು, ಬುದ್ಧಿ ಬಂದಿರಲಿಲ್ಲ. ಅಪ್ಪ ದೂರದಿಂದಲೇ ನೋಡಿ, "ಖರೇನಪಾ, ಹುಣಸಿಕಾಯಿ ಬಿಟ್ಟಾವು. ಆದ್ರ ಬನ್ನಿಗಲ್ಲ, ನಿನ್ನ ಹೇಂತಿ ಸೀರಿಗಿ ಬಿಟ್ಟಾವು!" ಎಂದ. ಜೋಳದೊಳಗೆ ಅಡಗಿ ಕೆಂಬೂತದ ಹಾಗೆ ಕೂಗಿದರೆ, "ಅದಕ್ಕ ನೆಗಡಿ ಆಗೇತಿ. ಮನಿಗಿ ಬಂದು ಕಷಾಯ ಕುಡಿ ಅನ್ನು" ಎಂದು ತನ್ನ ಎತ್ತಿಗೆ ಹೇಳುತ್ತಿದ್ದ.

ಆ ಬನ್ನಿ ಸಸಿಯಾಗಿದ್ದಾಗ, ನೇಗಿಲು ತಾಗದಂತೆ ಸುತ್ತು ಹಾಕಿ ಉತ್ತು ಉಳಿಸಿದ್ದವನು ಅವನೇ. ಎಳ್ಳಮಾಸಿಗೆ, ಅಂದರೆ ಎಳ್ಳಮಾವಾಸ್ಯೆಗೆ, ಹೊಲದಲ್ಲಿ ಭೂಮಿತಾಯಿಯ ಎಡೆಯಾದ ಚರಗ ಚೆಲ್ಲುವಾಗ ಸಜ್ಜೆ ರೊಟ್ಟಿ, ಪುಂಡಿ ಪಲ್ಯದ ಮೊದಲ ತುತ್ತು ಅದರ ಬುಡಕ್ಕೆ. ಆಮೇಲೆ ಬೆಳೆಗೆ, ಕೊನೆಗೆ ನಮಗೆ. ಹಸಿದು ಗೊಣಗಿದರೆ, "ಹಕ್ಕಿ ಮೊದಲ ಉಣ್ಣಲಿ. ಅವಕ್ಕೇನ ನಿನ್ನಂಗ ಬುತ್ತಿ ಕಟ್ಟಿಕೊಡಾವ್ರು ಅದಾರೇನು?" ಎನ್ನುತ್ತಿದ್ದ.

ಮುಪ್ಪಿನಲ್ಲಿ ಅವನ ಕಣ್ಣು ಪೂರ್ತಿ ಹೋದವು. ಅದರ ಬೆನ್ನಿಗೇ ರಸ್ತೆ ಅಗಲ ಮಾಡಲು ಬನ್ನಿಯನ್ನು ಕಡಿದರು. ಅವನಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಎಳ್ಳಮಾಸಿ ಬಂತು, ಅಪ್ಪ ಬೆಳಿಗ್ಗೆಯೇ ತಲೆಗೆ ಪಟಗಾ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಹೇಳಿಬಿಡ್ರಿ," ಎಂದಳು ಹೆಂಡತಿ, ಬುಟ್ಟಿಗೆ ಬಟ್ಟೆ ಕಟ್ಟುತ್ತಾ.

"ಹೇಳಿದ್ರ ಜೀವಾ ಬಿಡ್ತಾನ. ಇದನ್ನ ನನಗ ಬಿಡು. ಹುಟ್ಟಿದಾಗಿಂದ ಸುಳ್ಳ ಹೇಳೂದ ನನ್ನ ಕೆಲಸ."

ಕೈಹಿಡಿದು ಕರೆದೊಯ್ದು, ಪಕ್ಕದ ಬದುವಿನ ಕರಿಜಾಲಿಯ ಮುಂದೆ ನಿಲ್ಲಿಸಿದೆ. ಅಪ್ಪ ತೊಗಟೆಯನ್ನು ಅಂಗೈಯಿಂದ ಸವರಿದ. ಸವರಿಯೇ ಗಿಡದ ಹೆಸರು ಹೇಳುತ್ತಿದ್ದ ಕೈ ಅದು. ಈಗ ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾದೆ.

"ನಮ್ಮ ಬನ್ನಿ ದಪ್ಪ ಆಗೇತೋ," ಎಂದು ಅದಕ್ಕೆ ಹಣೆ ಹಚ್ಚಿದ.

ನಾನು ಹಿಂದೆ ಸರಿದು, ಬೇಕೆಂದೇ ಕೆಟ್ಟದಾಗಿ, ಮೂಗಿನಲ್ಲಿ ಕೆಂಬೂತದ ಕೂಗು ಕೂಗಿದೆ. ನೆಗಡಿ ಅನ್ನು ಯಪ್ಪಾ, ಕಷಾಯ ಅನ್ನು ಎಂದು ಒಳಗೊಳಗೇ ಬೇಡಿದೆ.

"ಕೇಳಿದ್ಯಾ?" ಎಂದ ಅಪ್ಪ. "ಇನ್ನೂ ಐತಿ ಅದು. ಒಂದ ಐತಿ ಪಾಪ. ಅದಕ್ಕ ಓ ಅನ್ನಾವ್ರು ಯಾರೂ ಇಲ್ಲೇನೋ?"

ಅಷ್ಟರಲ್ಲಿ ಆಚೆಯ ಕಬ್ಬಿನೊಳಗಿಂದ ನಿಜವಾದ ಕೆಂಬೂತವೊಂದು ಊಪ್ ಊಪ್ ಎಂದು ಓಗೊಟ್ಟಿತು.

"ಮಾವಾರು ಗೊತ್ತ ಹಿಡದ್ರೇನು?" ಎಂದು ಸಂಜೆ ಹೆಂಡತಿ ಕೇಳಿದಳು. "ಇಲ್ಲ. ಗೆದ್ದೆ," ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಯುಗಾದಿಗೆ ಮೊದಲೇ ಅಪ್ಪ ತೀರಿಕೊಂಡ. ಊರವರು ಅವತ್ತು ಅತ್ತರು. ನನ್ನ ಸುಳ್ಳು ಹಿಡಿಯುತ್ತಿದ್ದ ಅಪ್ಪ ಮಾತ್ರ ಎಳ್ಳಮಾಸಿಯಂದೇ, ಆ ಜಾಲಿಯ ಹತ್ತಿರವೇ, ತೀರಿಹೋಗಿದ್ದ.

ಈಗಲೂ ಎಳ್ಳಮಾಸಿಗೆ ಬನ್ನಿ ಇದ್ದ ಜಾಗಕ್ಕೆ ಹೋಗುತ್ತೇನೆ. ಅಲ್ಲಿ ಗಟಾರವಿದೆ. ಮೊದಲ ತುತ್ತು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ, ಮುರಿದ ರೊಟ್ಟಿ ಹಿಡಿದು ನಿಲ್ಲುತ್ತೇನೆ. ಲಾರಿಗಳು ಹೋಗುತ್ತವೆ. ಈಗ ನನ್ನ ಸುಳ್ಳನ್ನು ಎಲ್ಲರೂ ನಂಬುತ್ತಾರೆ. ಸುಳ್ಳು ಹೇಳುವ ಮನಸ್ಸೇ ಇಲ್ಲ.

ಆದರೂ ಇದರಲ್ಲಿ ಒಂದು ಸೇರಿಸಿದ್ದೇನೆ. ಕಬ್ಬಿನೊಳಗಿಂದ ಕೆಂಬೂತ ಓಗೊಟ್ಟಿತು ಎಂದೆನಲ್ಲ, ಅದು. ಯಾವುದೂ ಓಗೊಡಲಿಲ್ಲ. ಅಪ್ಪ ಕಬ್ಬಿನ ಕಡೆ ಕಿವಿ ಕೊಟ್ಟು ನಿಂತೇ ಇದ್ದ. ಅವನ ಹಿಂದೆ ನಾನು, ಇನ್ನೊಮ್ಮೆ ಕೂಗಲು ಬಾಯಿ ಬಾರದೆ.