ಎಮ್ಮೆ ಮಾರಿದರೋ ಇಲ್ಲವೋ

ನಮ್ಮ ಸೋಮತ್ತೆಯ ಕೈ ಎಷ್ಟು ಚುರುಕೆಂದರೆ, ಆ ಚುರುಕಿನಿಂದಲೇ ಅವಳಿಗೆ ಒಂದು ಸಿನಿಮಾದ ಕೊನೆ ವರ್ಷಗಟ್ಟಲೆ ದಕ್ಕಲಿಲ್ಲ. ಹೀಗೆಂದರೆ ನನ್ನ ಗಂಡನೇ ನಂಬುವುದಿಲ್ಲ. ಅವರು ನಂಬದಿದ್ದರೆ ಕತ್ತೆಬಾಲ, ನೀವಾದರೂ ಕೇಳಿ.

ಸೋಮತ್ತೆ ನಮ್ಮಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಬೆಟ್ಟದಪುರದ ಆಚೆಯ ನಮ್ಮೂರಲ್ಲೇ ಹುಟ್ಟಿ, ನಮ್ಮೂರಿಗೇ ಸೊಸೆಯಾದವಳು. ಹೊಗೆಸೊಪ್ಪಿನ ಕಾಲ ಬಂತೆಂದರೆ ಮಂಟಯ್ಯನ ಸೊಪ್ಪು ಒಣಗಿಸುವ ಮನೆ, ಅಂದರೆ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಅವಳದೇ ದರ್ಬಾರು. ಬೆಳಿಗ್ಗೆ ಹೊಲದಿಂದ ಮುರಿದು ತಂದ ಹಸಿ ಸೊಪ್ಪನ್ನು ಹೆಂಗಸರು ಸಾಲಾಗಿ ಕೂತು ದಾರದಿಂದ ಕೋಲಿಗೆ ಕಟ್ಟಬೇಕು. ಕಟ್ಟಿದ ಕೋಲುಗಳನ್ನೆಲ್ಲ ಹೊತ್ತು ಮುಳುಗುವುದರೊಳಗೆ ಬ್ಯಾರನ್ನಿಗೆ ಏರಿಸಿ ಒಲೆಗೆ ಬೆಂಕಿ ಕೊಡಬೇಕು. ಬೇರೆಯವರು ಒಂದು ಕೋಲು ಕಟ್ಟುವಷ್ಟರಲ್ಲಿ ಅತ್ತೆಯದು ಮುಗಿದು ಇನ್ನೊಂದರಲ್ಲಿ ಅರ್ಧ ಆಗಿರುತ್ತಿತ್ತು. ಕೈಯೆಲ್ಲ ಸೊಪ್ಪಿನ ಅಂಟು ಹತ್ತಿ ಕರ್ರಗಾಗಿದ್ದರೂ, ಅದೇನು ಜಂಬ ಅವಳಿಗೆ ಆ ಕೈ ಮೇಲೆ!

ತೊಂಬತ್ತೈದನೇ ಇಸವಿಯಲ್ಲಿ ಮಂಟಯ್ಯ ಒಂದು ಉಪಾಯ ಮಾಡಿದ. ಪಿರಿಯಾಪಟ್ಟಣದಿಂದ ಧರ್ಮೇಂದ್ರ ಎಂಬ ಹುಡುಗನ ಕೈಲಿ ಬಾಡಿಗೆ ಟೀವಿ, ವಿಸಿಪಿ ತರಿಸಿ ಚಪ್ಪರದಲ್ಲಿ ಇಡಿಸಿದ. ಸಿನಿಮಾ ಆಸೆಗೆ ಹೆಂಗಸರು ಬೇರೆ ಬ್ಯಾರನ್ನಿಗೆ ಹೋಗುವುದಿಲ್ಲ ಎಂಬ ಲೆಕ್ಕಾಚಾರ. ಆದರೆ ಆಸಾಮಿ ಬಲು ಗಟ್ಟಿಗ. ಮೊದಲ ಎಲೆ ಕೈಗೆ ತಗೊಂಡಾಗ ಸಿನಿಮಾ ಶುರು, ಕೊನೇ ಎಲೆ ಕಟ್ಟಿದ ಕೂಡಲೇ ಟೀವಿ ಬಂದ್. ಆಮೇಲೆ ಎಲ್ಲರೂ ಕೋಲು ಏರಿಸಲು ಏಳಬೇಕು. ಧರ್ಮೇಂದ್ರ ಡಬ್ಬ ಕಟ್ಟಿಕೊಂಡು ಮುಂದಿನ ಊರಿಗೆ ಹೋಗಬೇಕು.

ಧರ್ಮೇಂದ್ರ ತಂದ ಕ್ಯಾಸೆಟ್ಟುಗಳಲ್ಲಿ ಒಂದು ಬೊಂಬೆ ಸಿನಿಮಾ ಇತ್ತು. ಮನುಷ್ಯರೇ ಇಲ್ಲ, ಬಟ್ಟೆ ಬೊಂಬೆಗಳೇ ಎಲ್ಲ. ತಿಮ್ಮಜ್ಜಿ ಅಂತ ಒಬ್ಬಳು ಮುದುಕಿ ತನ್ನ ಎಮ್ಮೆಯನ್ನು ಮಾರಲು ಸಂತೆಗೆ ಹೊಡಕೊಂಡು ಹೋಗುತ್ತಾಳೆ. ಕೊಳ್ಳುವವನು ಬಂದು ಹಗ್ಗ ಹಿಡಿದ ಕೂಡಲೇ ಎಮ್ಮೆ ಬಾಯಿ ತೆಗೆದು ಹಾಡುತ್ತದೆ. ಹಾಡು ಕೇಳಿ ಕೊಳ್ಳಲು ಬಂದವನು ಓಟ ಕೀಳುತ್ತಾನೆ, ದಲ್ಲಾಳಿಯ ರುಮಾಲು ಹಾರಿಹೋಗುತ್ತದೆ, ಪೊಲೀಸಿನವನ ಹೊಟ್ಟೆ ಕುಣಿಯುತ್ತದೆ, ಸಂತೆಯ ಕೋಳಿಗಳೆಲ್ಲ ಒಟ್ಟಿಗೆ ಮೊಟ್ಟೆ ಇಡುತ್ತವೆ. ಒಂದು ಕಡೆ ಬೊಂಬೆ ಆಡಿಸುವವನ ಕೈಗಡಿಯಾರ ಕಟ್ಟಿದ ಕೈ ಪೂರ್ತಿ ಕಾಣಿಸಿಬಿಡುತ್ತಿತ್ತು. ಅದು ದೇವರ ಕೈ ಎಂದು ಅತ್ತೆಯ ಜೊತೆ ಸೊಪ್ಪು ಕಟ್ಟುತ್ತಿದ್ದ ಬೀರಮ್ಮ ವಾದಿಸುತ್ತಿದ್ದಳು. ದೇವರಿಗೆ ವಾಚು ಯಾಕೆ ಎಂದು ಕೇಳಿದವರ ಜೊತೆ ಮಾತು ಬಿಟ್ಟಿದ್ದಳು.

ಎಲ್ಲರಿಗೂ ಅದು ನಗುವ ಸಿನಿಮಾ. ಸೋಮತ್ತೆಗೆ ಮಾತ್ರ ಪ್ರಾಣಸಂಕಟ. ಯಾಕೆಂದರೆ ಹಿಂದಿನ ವರ್ಷವಷ್ಟೇ ಅವಳ ಮನೆಯಿಂದ ಚೆಲುವಿ ಹೋಗಿತ್ತು. ಅದು ಅವಳೇ ಕೈಯಾರೆ ಸಾಕಿದ ಎಮ್ಮೆ. ಇದ್ದ ಹೊಲಕ್ಕೆಲ್ಲ ಹೊಗೆಸೊಪ್ಪು ಹಾಕಿದ ಮೇಲೆ ರಾಗಿ ಎಲ್ಲಿ, ರಾಗಿ ಇಲ್ಲದ ಮೇಲೆ ಹುಲ್ಲೆಲ್ಲಿ? ಮಾವ ಅದನ್ನು ಕೆ.ಆರ್. ನಗರದ ಕಡೆಯ ನಿಂಗಯ್ಯ ಎಂಬ ರೈತನಿಗೆ ಮಾರಿದರು. ನಾಲೆ ನೀರಿನ ಊರು, ಮೇವಿಗೆ ಬರವಿಲ್ಲ ಎಂದು ಸಮಾಧಾನ ಹೇಳಿದರು. ಚೆಲುವಿ ಊರ ಬಾಗಿಲು ದಾಟುವಾಗ ಅತ್ತೆಯ ಬಾಯಿಗೆ ಬಂದ ಕೂಗನ್ನು ನಮ್ಮಜ್ಜಿ ತಡೆದರಂತೆ. ಹೊರಟದ್ದನ್ನು ಹಿಂದಿನಿಂದ ಕರೆಯಬಾರದು, ಅಪಶಕುನ. ಅತ್ತೆ ಸೆರಗು ಕಚ್ಚಿಕೊಂಡು ನಿಂತಳು. ಎಮ್ಮೆಯೂ ತಿರುಗಿ ನೋಡದೆ ಹೋಯಿತು.

ಹಾಗಾಗಿ ತಿಮ್ಮಜ್ಜಿಯ ಎಮ್ಮೆ ಕೊನೆಗೆ ಏನಾಯಿತು ಎಂಬುದು ಅವಳಿಗೆ ಗೊತ್ತಾಗಲೇಬೇಕಿತ್ತು. ಗೊತ್ತಾಗಲು ಬಿಟ್ಟರಲ್ಲವೇ? ಬಿಡದವರು ಯಾರು ಅಂತೀರಿ, ಅವಳ ಕೈಗಳೇ. ಹಾಡು ಬಂದ ಕೂಡಲೇ ಆ ತಾಳಕ್ಕೆ ಕೈ ಓಡುತ್ತಿತ್ತು. ಅವಳದು ಓಡಿದರೆ ಉಳಿದವರದೂ ಓಡುತ್ತಿತ್ತು. ಕಡೆಗೆ ಕಿವುಡ ಸಾಹುಕಾರನೊಬ್ಬ ಬಂದು ಎಮ್ಮೆಯ ಹಗ್ಗ ಹಿಡಿಯುವ ಹೊತ್ತಿಗೆ ಚಪ್ಪರದಲ್ಲಿ ಸೊಪ್ಪು ಖಾಲಿ. ಟೀವಿ ಬಂದ್.

ಹೆಂಗಸರು ಬೇಕೆಂದೇ ಕೇಳಿ ಕೇಳಿ ಅದೇ ಕ್ಯಾಸೆಟ್ಟು ಹಾಕಿಸಿದರು. ಪ್ರತಿ ಸಲವೂ ಅದೇ ಹಗ್ಗ, ಅದೇ ಬಂದ್. ನಿಧಾನ ಕಟ್ಟುತ್ತೇನೆ ಎಂದು ಅತ್ತೆ ಬೆಳಿಗ್ಗೆ ಆಣೆ ಇಡುವಳು, ಮೊದಲ ಹಾಡಿಗೇ ಮರೆಯುವಳು. ಒಂದು ದಿನ ಬೀರಮ್ಮ ಒಂದು ತೆಕ್ಕೆ ಸೊಪ್ಪನ್ನು ಗೋಣಿತಾಟಿನ ಕೆಳಗೆ ಬಚ್ಚಿಟ್ಟಳು. ಅದನ್ನು ಹುಡುಕಿ ತೆಗೆದು ಕಟ್ಟಿ ಎಸೆದವಳು ಯಾರು? ಇದೇ ಸೋಮತ್ತೆ. ಆವತ್ತು ಚಪ್ಪರದ ಹೆಂಗಸರು ಅವಳಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯಲಾಗುವುದಿಲ್ಲ. ಧರ್ಮೇಂದ್ರನನ್ನು ಕೇಳಿದರೆ ಅವನೂ ಕೊನೆ ನೋಡಿರಲಿಲ್ಲ. ಮುಂದಿನ ವರ್ಷ ಊರಿಗೆ ಕೇಬಲ್ಲು ಬಂತು, ಅವನ ಅಂಗಡಿ ಮುಚ್ಚಿತು, ಸಿನಿಮಾ ಅಲ್ಲಿಗೇ ನಿಂತಿತು.

ನಾನು ಮದುವೆಯಾಗಿ ಹುಣಸೂರು ಸೇರಿದೆ. ಎರಡು ಸಾವಿರದ ನಾಲ್ಕರಲ್ಲಿ ಬಸ್ ಸ್ಟ್ಯಾಂಡಿನ ಎದುರು ಒಬ್ಬ ನೆಲದ ಮೇಲೆ ಸೀಡಿ ಹರಡಿಕೊಂಡು ಕೂತಿದ್ದ. ಒಂದರ ಮೇಲೆ ಎಮ್ಮೆಯ ಹಗ್ಗ ಜಗ್ಗುತ್ತಿರುವ ಬೊಂಬೆ ಮುದುಕಿ! ಚೌಕಾಸಿ ಕೂಡ ಮಾಡದೆ ಕಿತ್ತುಕೊಂಡೆ. ಭಾನುವಾರ ಊರಿಗೆ ಓಡಿದೆ.

ಸುದ್ದಿ ಕೇಳಿ ಅತ್ತೆ ಒಲೆ ಮೇಲಿನ ಸಾರನ್ನು ಹಾಗೇ ಬಿಟ್ಟು ಬಂದಳು. ಬೀರಮ್ಮ ಮಂಡಿನೋವಿನಲ್ಲೂ ಎಲ್ಲರಿಗಿಂತ ಮುಂದೆ. ಹಳೇ ಪಡೆಯೆಲ್ಲ ಮಂಟಯ್ಯನ ಜಗಲಿಯಲ್ಲಿ ಸೇರಿತು. ಸೀಡಿ ಹಾಕಿದೆ. ಹಾಡು ಬಂತು, ರುಮಾಲು ಹಾರಿತು, ಯಾರೊಬ್ಬರೂ ನಗಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಶಾಲೆ ಮಕ್ಕಳ ಹಾಗೆ ಕೂತಿದ್ದರು. ನನಗೆ ರೇಗಿತು. ಇಷ್ಟು ದೂರದಿಂದ ತಂದಿದ್ದೇನೆ, ಏನಾಗಿದೆ ನಿಮಗೆಲ್ಲ ಎಂದೆ.

“ಕೈ ಸುಮ್ನಿದ್ರೆ ಕಣ್ಗೆ ಏನೂ ಕಾಣಲ್ಲ ಕಣೆ ಸುಧಾ,” ಅಂದಳು ಅತ್ತೆ.

ಅಂದು ಮುರಿದ ಸೊಪ್ಪು ಚಪ್ಪರದಲ್ಲಿ ರಾಶಿ ಬಿದ್ದಿತ್ತು, ಕಟ್ಟುವ ಆಳು ಮಧ್ಯಾಹ್ನ ಬರುವವರಿದ್ದರು. ಮಂಟಯ್ಯನಿಗೆ ರೋಗಿ ಬಯಸಿದ್ದೇ ವೈದ್ಯ ಹೇಳಿದಂತಾಯಿತು. ಟೀವಿಯನ್ನು ತಾನೇ ಎತ್ತಿ ಚಪ್ಪರಕ್ಕೆ ತಂದಿಟ್ಟ. ಕೋಲು ಬಂದವು, ದಾರ ಬಂತು. ಸಿನಿಮಾವನ್ನು ಮೊದಲಿಂದ ಹಾಕಿದೆ. ಈಗ ನೋಡಬೇಕಿತ್ತು ಆ ನಗುವನ್ನು! ಗಡಿಯಾರದ ಕೈ ಬಂದಾಗ ಬೀರಮ್ಮ ಕೈಮುಗಿದಳು. ಅತ್ತೆಯ ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ.

ನಾನು ಒಂದು ಕಣ್ಣು ಟೀವಿ ಮೇಲೆ, ಒಂದು ಕಣ್ಣು ರಾಶಿಯ ಮೇಲೆ ಇಟ್ಟಿದ್ದೆ. ರಾಶಿ ಕರಗುತ್ತಿತ್ತು. ಕಿವುಡ ಸಾಹುಕಾರ ಬಂದ. ಹಗ್ಗ ಹಿಡಿದ. ಅತ್ತೆ ಕೊನೇ ಎಲೆ ಕಟ್ಟಿ ದಾರ ಬಿಗಿದಳು. ಬಿಗಿದದ್ದೇ ತಡ, ಮಂಟಯ್ಯ ಹಳೇ ಅಭ್ಯಾಸಬಲದಿಂದ ಎದ್ದು ಸ್ವಿಚ್ಚಿಗೆ ಕೈ ಹಾಕಿದ.

“ಕೂತ್ಕೊ ಮಂಟಣ್ಣ,” ಎಂದಳು ಅತ್ತೆ. “ಸೊಪ್ಪಿನ್ನೂ ಮುಗ್ದಿಲ್ಲ.”

ಹಾಗೆಂದವಳೇ ತಾನು ಆಗಷ್ಟೇ ಕಟ್ಟಿದ ಕೋಲನ್ನು ತೊಡೆ ಮೇಲೆ ಎಳೆದುಕೊಂಡು ದಾರದ ಗಂಟು ಸರ್ರನೆ ಬಿಚ್ಚಿಬಿಟ್ಟಳು. ಎಲೆಗಳೆಲ್ಲ ನೆಲಕ್ಕೆ ಸುರಿದವು. ಜೀವಮಾನದಲ್ಲಿ ಒಂದು ಕೋಲನ್ನೂ ಸಡಿಲ ಕಟ್ಟದ ಹೆಂಗಸು! ಆಮೇಲೆ ಬೀರಮ್ಮನೂ ಬಿಚ್ಚಿದಳು, ಪಕ್ಕದವಳೂ ಬಿಚ್ಚಿದಳು. ಮಂಟಯ್ಯ ತಲೆ ಮೇಲೆ ಕೈ ಹೊತ್ತು ಕೂತ.

ಸಿನಿಮಾ ಮುಂದಕ್ಕೆ ಹೋಯಿತು. ಕಿವುಡನಿಗೆ ಎಮ್ಮೆಯ ಹಾಡು ಕೇಳಿಸಲೇ ಇಲ್ಲ. ಹೊಡಕೊಂಡು ಹೊರಟೇಬಿಟ್ಟ. ತಿಮ್ಮಜ್ಜಿ ಒಬ್ಬಳೇ ಮನೆ ದಾರಿ ಹಿಡಿದಳು. ಅರ್ಧ ದಾರಿಯಲ್ಲಿ ನಿಂತಳು. ನಿಂತು, ತಿರುಗಿ, ಇಡೀ ಸಿನಿಮಾದಲ್ಲಿ ಕಿವಿ ಮುಚ್ಚಿಕೊಂಡೇ ಇದ್ದ ಆ ಮುದುಕಿ ತಾನೇ ಬಾಯಿ ತೆಗೆದು ಎಮ್ಮೆಯ ಹಾಡನ್ನು ಹಾಡಿದಳು. ಅದೆಂಥ ಅಪಸ್ವರ! ಆದರೆ ದೂರದಲ್ಲಿ ಎಮ್ಮೆ ಕಿವಿ ನಿಮಿರಿಸಿತು, ಸಾಹುಕಾರನನ್ನು ಹಗ್ಗದ ಸಮೇತ ಎಳಕೊಂಡು ಗುಡ್ಡ ಹಾರಿ, ಹಳ್ಳ ಹಾರಿ ಓಡಿ ಬಂತು. ಹೆಂಗಸರು ಸೊಪ್ಪು ಎರಚಾಡಿ ಶಿಳ್ಳೆ ಹೊಡೆದರು.

ಅತ್ತೆ ಮಾತ್ರ ಕರೀ ಕೈಯಲ್ಲೇ ಕಣ್ಣೊರಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಿದ್ದಳು.

“ನಾನು ಕೂಗ್ಲಿಲ್ಲ ಕಣೆ,” ಎಂದಳು. “ಕೂಗಿದ್ರೆ ಬತ್ತಿತ್ತೇನೋ.”

ಮಾರನೇ ಬೆಳಿಗ್ಗೆ ಅತ್ತೆ ನನ್ನನ್ನು ಹುಣಸೂರಿಗೆ ಹೋಗಲು ಬಿಡಲಿಲ್ಲ. ಎರಡು ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅವರಿವರನ್ನು ಕೇಳಿಕೊಂಡು, ಚೆಲುವಿಯನ್ನು ಕೊಂಡಿದ್ದ ನಿಂಗಯ್ಯನ ಊರು ತಲುಪಿದೆವು. ಬಸ್ಸಿನಲ್ಲಿ ಅತ್ತೆ ಒಂದು ಕ್ಷಣ ಸುಮ್ಮನೆ ಕೂರಲಿಲ್ಲ, ಕಿಟಕಿಯಲ್ಲಿ ಕಂಡ ಎಮ್ಮೆಗಳನ್ನೆಲ್ಲ ನನಗೆ ತೋರಿಸಿದಳು. ನಿಂಗಯ್ಯ ಒಳ್ಳೆಯ ಮನುಷ್ಯ. ಚೆಲುವಿ ತೀರಿಹೋಗಿ ಬಹಳ ಕಾಲವಾಯಿತು ಎಂದು ಸಂಕೋಚದಿಂದಲೇ ಹೇಳಿ, ಕೊಟ್ಟಿಗೆಯಲ್ಲಿ ಹಸಿ ಹುಲ್ಲು ಮೇಯುತ್ತಿದ್ದ ಎಮ್ಮೆಯೊಂದನ್ನು ತೋರಿಸಿ ಅದು ಅದರ ಮಗಳು ಎಂದರು. ಕಾಫಿ ಕುಡಿದು ಹೋಗಿ ಎಂದರು.

ಅತ್ತೆ ಕೊಟ್ಟಿಗೆಗೆ ಹೋಗಲಿಲ್ಲ. ಮತ್ತೆ ರಸ್ತೆಗೇ ನಡೆದು, ಬೀದಿಯ ನಡುವೆ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಂಟಲು ಹರಿಯುವ ಹಾಗೆ ಕೂಗಿದಳು. “ಬಾರವ್ವಾ ಚೆಲುವೀ!”

ಬೀದಿಯ ಜನವೆಲ್ಲ ಹೊರಗೆ ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊಟ್ಟಿಗೆಯ ಎಮ್ಮೆ ತಲೆಯನ್ನೂ ಎತ್ತಲಿಲ್ಲ, ತನ್ನ ಪಾಡಿಗೆ ತಾನು ಮೇಯುತ್ತಿತ್ತು. ಇನ್ನು ಅತ್ತೆ ಅಳುತ್ತಾಳೆ ಎಂದುಕೊಂಡು ಕೈ ಹಿಡಿಯಲು ಹೋದೆ. ಅವಳು ನಗುತ್ತಿದ್ದಳು.

“ಅವ್ವನ ಹಟಾನೇ ಬಂದೈತೆ ಬುಡು,” ಎಂದಳು. ನನ್ನ ಕೈ ಕೊಡವಿ, ಇನ್ನೊಂದು ಸಲ ಕೂಗಿದಳು.